ಮೊದಲು ಬಕೆಟ್ಟಿನ ನೀರು ನೋಡಿ, ಅಕ್ಕೋರೇ

ಓದುಗರ ಪತ್ರ: ನಾನು ಗದಗ-ಬೆಟಗೇರಿಯ ನಿವೃತ್ತ ಶಿಕ್ಷಕಿ. ಮಂಗಗಳ ಕಾಟಕ್ಕೆ ಟೆರೇಸ್ ಮೇಲೆ ಏನೂ ಉಳಿಯುವುದಿಲ್ಲ. ಅದಕ್ಕೆ ಒಳಗಿನ ಕೋಣೆಯಲ್ಲಿ ಎಲ್‌ಇಡಿ ದೀಪ ಹಾಕಿ ಆರು ಕುಂಡಗಳಲ್ಲಿ ಬ್ಯಾಡಗಿ ಮೆಣಸಿನ ಅಗಿ (ಸಸಿ) ಹಚ್ಚಿದ್ದೇನೆ. ಮೂರು ಕುಂಡಕ್ಕೆ ಕುಂದಗೋಳ ಕಡೆಯ ನನ್ನ ತವರಿನ ಎರೆಮಣ್ಣು, ಮೂರಕ್ಕೆ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ವಾರಕ್ಕೆರಡು ಸಲ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಕಲಸಿ ಹಾಕುತ್ತೇನೆ. ಎರೆಮಣ್ಣಿನ ಗಿಡ ಬೆಳೆಯುತ್ತಲೇ ಇಲ್ಲ. ಕೊಕೊಪೀಟಿನ ಗಿಡಗಳ ಎಲೆ ತುದಿ ಸುಟ್ಟು ಮುದುಡುತ್ತಿವೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ 5 ಗ್ರಾಂ ಹಾಕಿ ಅಂದರು. ಯಾವುದರಲ್ಲಿ ಬೆಳೆಸಲಿ? ಎಷ್ಟು ಹಾಕಲಿ? ತಿಂಗಳಿಗೆ ನಾಲ್ಕೈದು ದಿನ ಹುಬ್ಬಳ್ಳಿಗೆ ಮಗಳ ಮನೆಗೆ ಹೋಗುತ್ತೇನೆ, ಆಗ ನೀರು ಹಾಕುವವರಿಲ್ಲ. ಅಂದಹಾಗೆ, ನೀರು ಸುಮ್ನೆ ಹಾಳಾಗಬಾರದೆಂದು ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನೇ ಗಿಡಕ್ಕೆ ಹಾಕುತ್ತೇನೆ. ನೀರಿನ ಉಪ್ಪು ಅಳೆಯಲು ಮೊಮ್ಮಗ ತಂದುಕೊಟ್ಟ ಮೀಟರಿನಲ್ಲಿ ನಮ್ಮ ಬೋರಿನ ನೀರು 650, ಫಿಲ್ಟರಿನ ಬಕೆಟ್ಟು 950, ಗೊಬ್ಬರ ಕಲಸಿದ ಮೇಲೆ 1750 ತೋರಿಸುತ್ತದೆ.

ಸಂಪಾದಕರ ಉತ್ತರ:

ನಮಸ್ಕಾರ ಅಕ್ಕೋರೇ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಎರೆಮಣ್ಣು, ಕೊಕೊಪೀಟ್ ಎಂದೇ ಯೋಚಿಸುತ್ತಿದ್ದೆ. ಎರಡನೆಯ ಸಲ ಕಣ್ಣು ‘ಅಂದಹಾಗೆ’ ಎಂಬಲ್ಲಿ ನಿಂತಿತು. ನಿಮ್ಮ ಗಿಡದ ಕಷ್ಟ ಆ ಬಕೆಟ್ಟಿನಲ್ಲಿದೆ.

ಲೆಕ್ಕ ಹೀಗಿದೆ. ಫಿಲ್ಟರಿನೊಳಗೆ ಮೂರು ಚರಗಿ ಸವಳು ನೀರು ಹೋಯಿತು ಅಂದುಕೊಳ್ಳಿ. ಒಂದು ಚರಗಿ ಸಿಹಿ ನೀರಾಗಿ ಬರುತ್ತದೆ. ಮೂರೂ ಚರಗಿಯ ಉಪ್ಪು ಬಹುಪಾಲು ಉಳಿದ ಎರಡು ಚರಗಿಯಲ್ಲಿ ಕೂತುಕೊಳ್ಳುತ್ತದೆ. 650 ಇದ್ದದ್ದು 950 ಆಗಿದ್ದು ಅದಕ್ಕೇ. ಇದರಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಸ್ವಲ್ಪ ಇರಬಹುದು. ಜೊತೆಗೆ ಬೇಡವಾದ ಸೋಡಿಯಂ, ಕ್ಲೋರೈಡ್ ಕೂಡ ಇರುತ್ತವೆ. ಅದರ ಮೇಲೆ ನೀವು 2 ಗ್ರಾಂ ಗೊಬ್ಬರ ಸೇರಿಸಿದಿರಿ, 1750 ಆಯಿತು.

ನಿಮ್ಮ ಮೀಟರ್ ತೋರಿಸುವುದು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿನಲ್ಲಿ ಕರಗಿದ ಉಪ್ಪು ಎಷ್ಟು ಭಾಗ ಎಂಬ ಲೆಕ್ಕ. ಮೆಣಸಿನಕಾಯಿ ಬೆಳೆಯುವವರು ಮಾತಾಡುವುದು ಇಸಿ ಲೆಕ್ಕದಲ್ಲಿ, ಅಂದರೆ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆಯಲ್ಲಿ. ಉಪ್ಪು ಜಾಸ್ತಿ ಇದ್ದಷ್ಟೂ ಅದು ಜಾಸ್ತಿ. ಮನೆಬಳಕೆಯ ಬಹಳಷ್ಟು ಮೀಟರುಗಳು ಇಸಿಯನ್ನು 500ರಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತವೆ. ಕೆಲವು 700ರಿಂದ ಗುಣಿಸುತ್ತವೆ, ಡಬ್ಬಿಯ ಮೇಲೆ ನೋಡಿಕೊಳ್ಳಿ. ನಿಮ್ಮದು 500ರದ್ದು ಎಂದಿಟ್ಟುಕೊಂಡರೆ 1750 ಅಂದರೆ ಇಸಿ 3.5. ಎಳೆಯ ಮೆಣಸಿನ ಅಗಿಗೆ 0.8ರಿಂದ 1 ಸಾಕು. ಟೊಂಗೆ ಒಡೆಯುವಾಗ 1.2ರಿಂದ 1.6. ಕಾಯಿ ತುಂಬಿದ ಗಿಡಕ್ಕೂ 2ರ ಆಸುಪಾಸು. ನಿಮ್ಮ ಅಗಿಗಳು ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ಉಪ್ಪಿನ ನೀರಿನಲ್ಲಿ ನಿಂತಿವೆ. ಬೇರಿನ ಹೊರಗೆ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಕುಂಡ ಒದ್ದೆ ಇದ್ದರೂ ಗಿಡ ಬಾಯಾರುತ್ತದೆ. ಎಲೆ ಎಳೆದುಕೊಂಡ ಉಪ್ಪು ತುದಿಯಲ್ಲಿ ಸೇರಿ ಅಲ್ಲೇ ಸುಡುತ್ತದೆ.

5 ಗ್ರಾಂ ಮಾತು ಬಿಟ್ಟುಬಿಡಿ. ಅದು ಸಾಮಾನ್ಯವಾಗಿ ಹೊಲದ ಬೆಳೆಯ ಎಲೆಗೆ ಸಿಂಪಡಿಸುವ ಲೆಕ್ಕ. ಬೇರಿಗೆ, ಅದೂ ಕೋಣೆಯೊಳಗಿನ ಕುಂಡಕ್ಕೆ, ಆ ಲೆಕ್ಕ ಹೊಂದುವುದಿಲ್ಲ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಸಿಗುವ 19:19:19ರ ಸಾರಜನಕದಲ್ಲಿ ಅರ್ಧಕ್ಕೂ ಜಾಸ್ತಿ ಯೂರಿಯಾ ರೂಪದಲ್ಲಿರುತ್ತದೆ. ಯೂರಿಯಾ ಮೀಟರಿಗೆ ಕಾಣುವುದೇ ಇಲ್ಲ. ಹಾಗಾಗಿ ಮೀಟರ್ ತೋರಿಸಿದ್ದಕ್ಕಿಂತ ನೀವು ಹಾಕಿದ್ದು ಜಾಸ್ತಿ.

ಈಗ ಎರೆಮಣ್ಣು. ತವರಿನ ಮಣ್ಣು ತಂದು ಅದರಲ್ಲೇ ಬ್ಯಾಡಗಿ ಹಚ್ಚಬೇಕು ಅನ್ನಿಸಿದ್ದು ನನಗೆ ಪೂರಾ ಅರ್ಥವಾಗುತ್ತದೆ. ಹೊಲದಲ್ಲಿ ಆ ಮಣ್ಣಿಗೆ ಸಾಟಿ ಇಲ್ಲ. ಆಳಕ್ಕೆ ನೀರು ಹಿಡಿದಿಟ್ಟು, ಮಳೆ ನಿಂತ ಮೇಲೂ ಬೆಳೆ ಕಾಯುತ್ತದೆ. ಒಣಗಿದಾಗ ಬಿಡುವ ಬಿರುಕುಗಳಲ್ಲಿ ಗಾಳಿ ಇಳಿಯುತ್ತದೆ. ಕುಂದಗೋಳ, ಹಾವೇರಿ, ಗದಗ ಸೀಮೆಯ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತಲ್ಲ, ಆ ಕೆಂಪು ಬಣ್ಣದ ಹಿಂದೆ ಈ ಮಣ್ಣೂ ಇದೆ ಎಂದು ನಂಬುವವನು ನಾನು.

ಆದರೆ ಹತ್ತು ಇಂಚಿನ ಕುಂಡದಲ್ಲಿ ಅದೇ ಮಣ್ಣು ಬೇರೆಯೇ ಆಗುತ್ತದೆ. ಒಂದು ಕುಂಡವನ್ನು ಚೆನ್ನಾಗಿ ಒಣಗಲು ಬಿಟ್ಟು ನೋಡಿ. ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬೆರಳು ತೂರುವಷ್ಟು ದೂರ ಸರಿದಿರುತ್ತದೆ. ನೀರು ಹಾಕಿದರೆ ಆ ಸಂದಿಯಲ್ಲೇ ಇಳಿದು ಕೆಳಗಿನ ತಟ್ಟೆಗೆ ಬೀಳುತ್ತದೆ. ನಡುವಿನ ಹೆಂಟೆ ಒಣಗಿಯೇ ಇರುತ್ತದೆ. ಜಾಸ್ತಿ ಹಾಕಿದಿರೋ, ಉಬ್ಬಿ ಅಂಟಾಗಿ ಬೇರಿಗೆ ಉಸಿರಾಡಲು ಜಾಗವಿರುವುದಿಲ್ಲ. ಜೊತೆಗೆ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಇರುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ) 8ರ ಹತ್ತಿರ ಹೋಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದೇ ಕಾರಣ. ಗೊಬ್ಬರ ಸುರಿದು ಅದು ಸರಿಹೋಗುವುದಿಲ್ಲ.

ಕೊಕೊಪೀಟ್ ಹಗುರ, ಗಾಳಿಯಾಡುತ್ತದೆ, ನೀರು ಹಿಡಿಯುತ್ತದೆ. ಆದರೆ ಅದನ್ನು ತೊಳೆದಿರೋ ಇಲ್ಲವೋ ನೀವು ಬರೆದಿಲ್ಲ. ನಾನು ಒಂದು ವರ್ಷ ತೊಳೆಯದೆ ಇಪ್ಪತ್ತು ಟೊಮೆಟೊ ಅಗಿ ಹಚ್ಚಿದ್ದೆ. ಹತ್ತು ದಿನದಲ್ಲಿ ಒಂದೂ ಉಳಿಯಲಿಲ್ಲ. ಬೀಜದಿಂದ ಎಬ್ಬಿಸಿದ ಅಗಿಗಳು ಅವು, ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಮುಂದಿನ ಸಲ ಒತ್ತಿ ಇಟ್ಟಿಗೆ ಮಾಡಿದ ಕೊಕೊಪೀಟನ್ನು ದೊಡ್ಡ ಬುಟ್ಟಿಯಲ್ಲಿ ನೆನೆಹಾಕಿ, ಹಿಂಡಿದ ನೀರನ್ನು ಲೋಟದಲ್ಲಿ ಹಿಡಿದು ಅಳೆದೆ. ಚಹಾದ ಡಿಕಾಕ್ಷನ್ ಬಣ್ಣ, ಇಸಿ 2.4. ಎರಡನೆಯ ತೊಳೆತಕ್ಕೆ 1.3. ನಾಲ್ಕನೆಯದಕ್ಕೆ ತಿಳಿಯಾಗಿ 0.5ಕ್ಕೆ ಇಳಿಯಿತು. ತೆಂಗಿನ ನಾರಿನ ಪುಡಿ ಅಲ್ವಾ, ಪೊಟ್ಯಾಶಿಯಂ ಮತ್ತು ಸೋಡಿಯಂ ಅದರಲ್ಲೇ ಇರುತ್ತವೆ. ತೊಳೆದರೂ ಪುಡಿಯ ಮೈಗೆ ಸ್ವಲ್ಪ ಅಂಟಿಕೊಂಡು ಉಳಿಯುತ್ತದೆ. ಅದು ಬಿಡಬೇಕೆಂದರೆ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೊಮ್ಮೆ ತೊಳೆಯಬೇಕು. 5 ಕಿಲೋ ಇಟ್ಟಿಗೆಗೆ 100 ಗ್ರಾಂ ಸಾಕು. ಹೀಗೆ ಮಾಡದಿದ್ದರೆ ನೀವು ಕೊಡುವ ಕ್ಯಾಲ್ಸಿಯಂ ಅನ್ನು ಮೊದಲು ಕೊಕೊಪೀಟೇ ಹಿಡಿದುಕೊಳ್ಳುತ್ತದೆ.

ಬರೀ ಕೊಕೊಪೀಟಿನಲ್ಲಿ ಊಟ ಇಲ್ಲ. ದಿನವೂ ನೀವೇ ಕೊಡಬೇಕು, ಅಳೆದು ಕೊಡಬೇಕು. ತಿಂಗಳಿಗೆ ನಾಲ್ಕೈದು ದಿನ ಮನೆಯಲ್ಲಿ ಇರದ ನಿಮಗೆ ಅದು ಬೇಡ. ನನ್ನ ಸಲಹೆ ಮಿಶ್ರಣ: ತೊಳೆದ ಕೊಕೊಪೀಟ್ ಎರಡು ಬುಟ್ಟಿ, ಮಸಾರಿ ಮಣ್ಣು (ಕೆಂಪು ಮಣ್ಣು) ಒಂದು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು, ಸುಟ್ಟ ಭತ್ತದ ಹೊಟ್ಟು ಅರ್ಧ. ಹೊಟ್ಟು ಸಿಗದಿದ್ದರೆ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಹಾಕಿ, ಅದೂ ಗಾಳಿಗೇ. ತವರಿನ ಮಣ್ಣು ಇರಲೇಬೇಕು ಅನ್ನಿಸಿದರೆ ಎರಡು ಮುಷ್ಟಿ ಪುಡಿ ಮಾಡಿ ಬೆರೆಸಿ, ಜಾಸ್ತಿ ಬೇಡ. ತಿಪ್ಪೆ ಗೊಬ್ಬರ, ಜೀವಾಮೃತ ಮನೆಯೊಳಗೆ ಬೇಡ. ವಾಸನೆ ಮತ್ತು ಸಣ್ಣ ನೊಣ ಎರಡೂ ಬರುತ್ತವೆ.

ನೀರಿಗೆ ಒಂದು ದಾರಿ ಇದೆ. ಫಿಲ್ಟರಿನ ಸಿಹಿ ನೀರು ಅರ್ಧ, ಬೋರಿನ ನೀರು ಅರ್ಧ. ಮೀಟರಿನಲ್ಲಿ 350ರ ಸುತ್ತ ಬರುತ್ತದೆ. ಮಳೆಗಾಲದಲ್ಲಿ ಟೆರೇಸಿನ ಪೈಪಿಗೆ ಒಂದು ಡ್ರಮ್ ಇಟ್ಟರೆ ಸಿಹಿ ನೀರಿನ ಬದಲು ಅದನ್ನೇ ಬಳಸಬಹುದು. ಫಿಲ್ಟರ್ ಬಿಟ್ಟ ನೀರು ನೆಲ ಒರೆಸಲು, ಬಚ್ಚಲಿಗೆ ಹೋಗಲಿ. ಒಂದು ಹನಿ ಹಾಳಾಗಬಾರದು ಎನ್ನುವ ನಿಮ್ಮ ಅಭ್ಯಾಸ ಒಳ್ಳೆಯದು, ಅದನ್ನು ಬಿಡಬೇಡಿ.

ಆ ನೀರಿಗೆ ಲೀಟರಿಗೆ ಅರ್ಧ ಗ್ರಾಂ 19:19:19. ಮೀಟರ್ 550 ತೋರಿಸಬೇಕು. ಮುಂದಿನ ವಾರ ಅದರ ಬದಲು ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಏಕೆಂದರೆ 19:19:19ರಲ್ಲಿ ಕ್ಯಾಲ್ಸಿಯಂ ಇಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಗಟ್ಟಿಯಾಗಿ ಕಲಸಬೇಡಿ, ಬಿಳಿ ಗಸಿ ತಳ ಹಿಡಿಯುತ್ತದೆ, ಗಸಿಯಲ್ಲಿ ಕೂತ ಕ್ಯಾಲ್ಸಿಯಂ, ರಂಜಕ ಎರಡೂ ಗಿಡಕ್ಕೆ ಸಿಗುವುದಿಲ್ಲ. ಹೀಗೆ ವಾರಕ್ಕೊಂದು ಸಲ ಮಾತ್ರ, ಉಳಿದ ದಿನ ಬರೀ ನೀರು. ಹೂ ಬಂದ ಮೇಲೆ 1 ಗ್ರಾಂವರೆಗೆ ಏರಿಸಬಹುದು. ಕೋಣೆಯ ದೀಪ ಬಿಸಿಲಿಗೆ ಸಮ ಅಲ್ಲ. ಬೆಳಕು ಕಡಿಮೆ ಇದ್ದಲ್ಲಿ ಗಿಡ ನಿಧಾನ ಬೆಳೆಯುತ್ತದೆ, ನಿಧಾನ ಉಣ್ಣುತ್ತದೆ. ಉಳಿದದ್ದು ಕುಂಡದಲ್ಲೇ ಕೂಡುತ್ತಾ ಹೋಗುತ್ತದೆ.

ಈ ವಾರ ಮಾಡಬೇಕಾದ್ದು ಇಷ್ಟು. ಕೊಕೊಪೀಟಿನ ಮೂರು ಕುಂಡಗಳನ್ನು ಬಚ್ಚಲಲ್ಲಿಟ್ಟು ಮೇಲಿಂದ ನಿಧಾನ ನೀರು ಸುರಿಯಿರಿ. ಮೊದಲೆರಡು ಸಲಕ್ಕೆ ಬೋರಿನ ನೀರೇ ಸಾಕು, ಕೊನೆಯದಕ್ಕೆ ಅರ್ಧರ್ಧದ ನೀರು. ಕೆಳಗಿಳಿದ ನೀರನ್ನು ಲೋಟದಲ್ಲಿ ಹಿಡಿದು ಅಳೆಯಿರಿ. 600ರ ಕೆಳಗೆ ಬರುವ ತನಕ ಬಿಡಬೇಡಿ. ಒಂದು ವಾರ ಗೊಬ್ಬರ ಬೇಡ. ಎರೆಮಣ್ಣಿನ ಮೂರು ಗಿಡಗಳನ್ನು ಸಂಜೆ ಹೊತ್ತಿನಲ್ಲಿ, ಬೇರು ಹರಿಯದಂತೆ, ಹೆಂಟೆಯನ್ನು ನೀರಿನಲ್ಲಿ ಕರಗಿಸಿ ಬಿಡಿಸಿ ಮಿಶ್ರಣಕ್ಕೆ ಹಾಕಿ.

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಬೇಜಾರಾಗಬೇಡಿ. ನೆತ್ತಿಯ ಹೊಸ ಎಲೆ ನೋಡಿ. ಎಂಟು ಹತ್ತು ದಿನಕ್ಕೆ ಅದು ನೆಟ್ಟಗೆ ಬಿಚ್ಚಿಕೊಂಡರೆ, ತಟ್ಟೆಗಿಳಿದ ನೀರಿನ ಅಳತೆಯನ್ನೂ ಸೇರಿಸಿ ನನಗೊಂದು ಕಾರ್ಡು ಬರೆಯಿರಿ ಅಕ್ಕೋರೇ. ಕಾಯುತ್ತಿರುತ್ತೇನೆ.