ರೂಟರ್ ಆಫ್ ಮಾಡದೆ ಎಸ್‌ಎಫ್‌ಪಿ ಮಾಡ್ಯೂಲ್ ಬದಲಿಸಬಹುದೇ?

ದಾವಣಗೆರೆ–ಹರಿಹರ ಫೈಬರ್ ಲಿಂಕಿನಲ್ಲಿ ರೂಟರ್ ಚಾಲೂ ಇರುವಾಗಲೇ ಎಸ್‌ಎಫ್‌ಪಿ (ಫೈಬರ್ ಕೇಬಲನ್ನು ರೂಟರ್‌ಗೆ ಜೋಡಿಸುವ ಪುಟ್ಟ ಮಾಡ್ಯೂಲ್) ಬದಲಿಸಿದ್ದೀರಿ, ಈಗ ಲಿಂಕ್ ಬರುತ್ತಿಲ್ಲ ಅಂತ ಕೇಳಿದ್ದೀರಿ.

ಚಾಲೂ ಇರುವಾಗ ಬದಲಿಸಿದ್ದು ತಪ್ಪಲ್ಲ, ಎಸ್‌ಎಫ್‌ಪಿ ಮಾಡಿರುವುದೇ ಹಾಗೆ. ಮೊದಲು ಫೈಬರ್ ಬಿಚ್ಚಿ, ತಂತಿ ಕೊಂಡಿ ಕೆಳಗಿಳಿಸಿ ನೇರವಾಗಿ ಎಳೆಯಿರಿ. ಹೊಸದನ್ನು ಟಕ್ ಎನ್ನುವ ತನಕ ಒತ್ತಿ. ಹಳೆಯ ರೂಟರ್‌ಗಳ ವಿಕ್ ಕಾರ್ಡ್‌ಗಾದರೆ (ಹೊರಗಿನ ಲಿಂಕ್ ಜೋಡಿಸುವ ಕಾರ್ಡ್) ಪವರ್ ಆಫ್ ಮಾಡಲೇಬೇಕು.

ನನ್ನ ಅನುಮಾನ ಮಾಡ್ಯೂಲಿನ ಆಯ್ಕೆಯ ಮೇಲೆ. ನೀವು ಹಾಕಿರುವುದು ಎಲ್‌ಎಕ್ಸ್ ಎಂಬ ಮಾದರಿಯ ಎಸ್‌ಎಫ್‌ಪಿಯಾದರೆ, ಅದಿರುವುದು 10 ಕಿ.ಮೀ.ಗೆ. ಹರಿಹರ ರಸ್ತೆಯಲ್ಲೇ ಸುಮಾರು 14 ಕಿ.ಮೀ., ಕೇಬಲ್ ಸುತ್ತಿಕೊಂಡು ಹೋದರೆ ಇನ್ನೂ ಉದ್ದ. 20 ಅಥವಾ 40 ಕಿ.ಮೀ.ದು ತೆಗೆದುಕೊಳ್ಳಿ. ಒಂದೇ ಎಳೆಯಲ್ಲಿ ಕಳಿಸುವ, ಪಡೆಯುವ ಎರಡೂ ಕೆಲಸ ಮಾಡುವ ಬೈಡಿ ಮಾಡ್ಯೂಲಾದರೆ ಜೋಡಿ ನೋಡಿ: ಒಂದು ತುದಿ 1310 ನ್ಯಾನೊಮೀಟರ್ ತರಂಗಾಂತರದ ಬೆಳಕು ಕಳಿಸಿ 1490ರದ್ದು ಪಡೆದರೆ, ಇನ್ನೊಂದು ತುದಿ ಅದರ ಉಲ್ಟಾ ಇರಬೇಕು. ಎರಡೂ ಕಡೆ ಒಂದೇ ಥರದ್ದು ಹಾಕಿದರೆ ಲಿಂಕ್ ಬರುವುದೇ ಇಲ್ಲ.

ರೂಟರ್‌ನಲ್ಲಿ ರಿಸೀವ್ ಪವರ್ (ಒಳಬರುವ ಬೆಳಕಿನ ಶಕ್ತಿ, ಡಿಬಿಎಂ ಅದರ ಅಳತೆ) ಮೈನಸ್ 40 ಡಿಬಿಎಂ ಆಸುಪಾಸು ತೋರಿಸಿದರೆ ಬೆಳಕು ಬರುತ್ತಲೇ ಇಲ್ಲ ಎಂದರ್ಥ. ಕನೆಕ್ಟರ್ ತುದಿಯನ್ನೂ ಒರೆಸಿ; ಬೆಳಕು ಹಾಯುವ ಜಾಗ ಬರೀ 9 ಮೈಕ್ರಾನ್, ಬೇಸಿಗೆಯ ಧೂಳಿನ ಒಂದು ಕಣ ಸಾಕು ಅದನ್ನು ಮುಚ್ಚಲು. ಕಣ್ಣಿಟ್ಟು ಮಾತ್ರ ಇಣುಕಬೇಡಿ, ಲೇಸರ್ ಕಾಣದಿದ್ದರೂ ಕಣ್ಣಿಗೆ ಅಪಾಯ.