ಆ ಮಿಡಿ ಮಗಳ ತಟ್ಟೆಗೆ ಬೀಳಲಿ

ಹೊಸನಗರದ ಕಡೆಯ ತಂಗಿಯೊಬ್ಬರ ಪತ್ರ ಈ ವಾರ ನನ್ನನ್ನು ಸರಿಯಾಗಿ ನಿದ್ದೆ ಮಾಡಲು ಬಿಡಲಿಲ್ಲ. ಅಮ್ಮ ತೀರಿಕೊಂಡು ಹತ್ತು ತಿಂಗಳಾಗಿದೆ. ಅಮ್ಮ ಕೊನೆಯ ಸಲ ಹಾಕಿಕೊಟ್ಟ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಇವರ ಶಿವಮೊಗ್ಗದ ಮನೆಯಲ್ಲಿದೆ. ಬಾಟಲಿಯಲ್ಲಿ ಉಳಿದಿರುವುದು 11 ಮಿಡಿ, ಎಣಿಸಿ ಬರೆದಿದ್ದಾರೆ. ತಿನ್ನಲು ಮನಸ್ಸು ಬರುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮುಚ್ಚಳ ತೆಗೆದು, ವಾಸನೆ ನೋಡಿ, ಮತ್ತೆ ಮುಚ್ಚಿಡುತ್ತಾರೆ. ‘ನನಗೇನಾದರೂ ಹುಚ್ಚು ಹಿಡಿದಿದೆಯಾ ಅಕ್ಕಾ?’ ಎಂದು ಕೇಳಿದ್ದಾರೆ.

ಇಲ್ಲ ತಂಗಿ. ಅಪ್ಪೆಮಿಡಿಯ ಪರಿಮಳವೇ ಅಂಥದ್ದು. ಅದರ ಜೀವ ಇರುವುದು ಸೊನೆಯಲ್ಲಿ. ಅದಕ್ಕೇ ಅಲ್ವಾ ತೊಟ್ಟು ಬಿಡದಂತೆ ಜೋಪಾನವಾಗಿ ಕೊಯ್ಯುವುದು? ನಿಮ್ಮ ಅಮ್ಮ ಒಂದು ಮಿಡಿಯ ತೊಟ್ಟು ಮುರಿದು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ‘ಇದು ಶರಾವತಿ ದಂಡೆಯ ಮರದ್ದು’ ಎನ್ನುತ್ತಿದ್ದರಂತೆ. ಆ ಸಾಲನ್ನು ನಾಲ್ಕು ಸಲ ಓದಿದೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಯನ್ನು ಭರಣಿಗೆ ಸೇರಿಸುತ್ತಿರಲಿಲ್ಲವಂತೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಪ್ಪನಿಗೂ ಬೈಗುಳ. ಎಂಥ ಹೆಂಗಸು!

ನಿಮ್ಮ ಅಣ್ಣನ ಮೇಲೆ ನನಗೆ ಸಿಟ್ಟು ಬಂದಿದೆ. ‘ಅಳಬೇಡ, ಅಮ್ಮನ ಆತ್ಮಕ್ಕೆ ಶಾಂತಿ ಸಿಗಲ್ಲ’ ಅಂದರಂತೆ. ಅವತ್ತಿನಿಂದ ನೀವು ಮನೆಯಲ್ಲಿ ಅಮ್ಮನ ಹೆಸರೆತ್ತುವುದನ್ನೇ ಬಿಟ್ಟಿರಿ. ಈ ಅಂಕಣದಲ್ಲಿ ಮೊದಲಿಂದ ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ: ಹೋದವರ ಮಾತು ಊಟದ ಹೊತ್ತಿಗೆ ಬರಬೇಕು.

ಆದರೆ ನಾನು ಬರೆಯಲು ಕೂತದ್ದು, ನೀವು ಸುಮ್ನೆ ಒಂದು ಸಾಲು ಬರೆದು ದಾಟಿಹೋದ ವಿಷಯಕ್ಕೆ. ಒಂಬತ್ತು ವರ್ಷದ ಮಗಳು ‘ಅಮ್ಮಮ್ಮನ ಉಪ್ಪಿನಕಾಯಿ ಒಂದೇ ಒಂದು ಕೊಡಮ್ಮಾ’ ಅಂದಳು. ನೀವು ಬಾಟಲಿ ಕಸಿದುಕೊಂಡಿರಿ. ‘ಆಮೇಲೆ ಅವಳು ಕೇಳಲಿಲ್ಲ’ ಎಂದು ಬರೆದಿದ್ದೀರಿ. ಓದಿ ನನ್ನ ಹೊಟ್ಟೆ ಚುರ್ ಅಂತು. ಅಮ್ಮಮ್ಮ ಅವಳಿಗೂ ಹೋಗಿದ್ದಾರೆ ತಂಗಿ. ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು? ನೀವು ರಾತ್ರಿ ಒಬ್ಬರೇ ಮುಚ್ಚಳ ತೆಗೆಯುವಾಗ ಅವಳಿಗೆ ನಿಜವಾಗಿ ನಿದ್ದೆ ಬಂದಿರುತ್ತದೆ ಎಂದುಕೊಂಡಿದ್ದೀರಾ?

ಉಪ್ಪಿನಲ್ಲಿ ಚೆನ್ನಾಗಿ ಸುರುಟಿದ ಮಿಡಿ ವರ್ಷ ಕಳೆದರೂ ಕೆಡುವುದಿಲ್ಲ, ನಿಜ. ಆದರೆ ಇಟ್ಟಷ್ಟೂ ಮೆತ್ತಗಾಗುತ್ತದೆ. ಹಲ್ಲಿಗೆ ಸಿಕ್ಕಾಗ ಕಟುಂ ಅನ್ನುವುದು ಹೋಗುತ್ತದೆ. ಆ ಕಟುಂ ನಿಮ್ಮ ಮಗಳಿಗೆ ಗೊತ್ತಿರಬೇಡವೇ?

ಬೇರೆ ಸಲಹೆ ಏನೂ ಇಲ್ಲ. ಇವತ್ತು ರಾತ್ರಿ ಅವಳಿಗೆ ಮೊಸರನ್ನ ಕಲಸಿ. ಒಣ ಚಮಚದಲ್ಲಿ ಎರಡು ಮಿಡಿ ತೆಗೆಯಿರಿ, ಒಂದು ಅವಳಿಗೆ, ಒಂದು ನಿಮಗೆ. ತೊಟ್ಟು ಹಿಡಿದು ಕಚ್ಚುವುದು ಹೇಗೆ ಅಂತ ತೋರಿಸಿ. ಹೊಳೆದಂಡೆಯ ಮರದ ಕತೆ ಹೇಳಿ. ಅಳು ಬಂದರೆ ಅವಳ ಎದುರೇ ಅಳಿ. ಉಳಿದ 9 ಮಿಡಿ ಯಾವತ್ತು ತಿನ್ನಬೇಕು ಎನ್ನುವುದನ್ನು ಅವಳೇ ಹೇಳಲಿ.