ಅನ್ನನಾಳದ ಹಿಂದೆ ಹಾದುಹೋದ ರಕ್ತನಾಳ

ಪ್ರಶ್ನೆ: ಡಾಕ್ಟರೇ, ನನ್ನ ಯಜಮಾನರು ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು. ಮೈಸೂರಿನಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಪಕ್ಕೆಲುಬಿನ ಬಿರುಕು ವಾಸಿಯಾಗಿದೆ. ಆದರೆ ವರದಿಯ ಕೊನೆಯಲ್ಲಿ ‘ಅಬೆರಂಟ್ ರೈಟ್ ಸಬ್‌ಕ್ಲೇವಿಯನ್ ಆರ್ಟರಿ, ಉಬ್ಬು ಇಲ್ಲ’ ಎಂದಿದೆ. ಹೃದಯದ ನಾಳವೇ ಕೆಟ್ಟಿದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಆಪರೇಷನ್ ಬೇಕೇ? ತೋಟದ ಕೆಲಸ ಬಿಡಬೇಕೇ?
– ಓದುಗರು, ನಾಪೋಕ್ಲು

ಉತ್ತರ: ಎರಡೂ ಬೇಡ ತಾಯಿ. ಪಕ್ಕೆಲುಬು ವಾಸಿಯಾಗಿದ್ದರೆ ಅವರು ತೋಟಕ್ಕೆ ಹೋಗಲಿ. ಬಲಗೈಗೆ ರಕ್ತ ಒಯ್ಯುವ ನಾಳ ಬೇರೆ ದಾರಿ ಹಿಡಿದಿದೆ ಎಂದಷ್ಟೇ ವರದಿಯ ಆ ಮಾತಿನ ಅರ್ಥ. ಬಿದ್ದಿದ್ದರಿಂದ ಆದದ್ದಲ್ಲ ಇದು; ಹುಟ್ಟಿನಿಂದಲೇ ಇದೆ.

ಹೃದಯದಿಂದ ಹೊರಟ ಮಹಾಧಮನಿ ಮೇಲೇರಿ ಎಡಕ್ಕೆ ಬಾಗುತ್ತದೆ. ಆ ಬಾಗಿನಿಂದ ಸಾಮಾನ್ಯವಾಗಿ ಮೂರು ಕವಲುಗಳು. ಮೊದಲನೆಯದೇ ಮುಂದೆ ಒಡೆದು ಬಲಗೈಗೂ ಕತ್ತಿನ ಬಲಭಾಗಕ್ಕೂ ರಕ್ತ ಕೊಡುತ್ತದೆ. ನಿಮ್ಮ ಯಜಮಾನರಲ್ಲಿ ಬಲಗೈಯ ನಾಳ ಎಲ್ಲಕ್ಕಿಂತ ಕೊನೆಗೆ, ಎಡಬದಿಯಲ್ಲಿ ಹುಟ್ಟಿದೆ. ಅಲ್ಲಿಂದ ಬಲಕ್ಕೆ ದಾಟಬೇಕಲ್ಲ? ಬಹುಪಾಲು ಜನರಲ್ಲಿ ಅನ್ನನಾಳದ ಹಿಂದಿನಿಂದ ದಾಟುತ್ತದೆ. ಗರ್ಭದ ಮೊದಲ ವಾರಗಳಲ್ಲಿ ಈ ನಾಳಗಳು ಜೋಡಿಜೋಡಿಯಾಗಿ ಮೂಡಿ, ಕೆಲವು ಉಳಿದು ಕೆಲವು ಕರಗುತ್ತವೆ. ಉಳಿಯಬೇಕಾದ ತುಂಡು ಕರಗಿದಾಗ ಹೀಗಾಗುತ್ತದೆ. ನೂರಕ್ಕೆ ಸುಮಾರು ಒಬ್ಬರಲ್ಲಿ ಇದು ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಒಂದು ವಿಷಯ ಮಾತ್ರ ನೀವು ಗಮನಿಸಿ. ಪಂದಿ ಕರಿಯ ತುಂಡು, ಒಣ ಕಡಂಬುಟ್ಟು ನುಂಗುವಾಗ ಎದೆಯ ಮೇಲ್ಭಾಗದಲ್ಲಿ ಸಿಕ್ಕಿಕೊಳ್ಳುತ್ತದೆಯೇ? ಪ್ರತಿ ತುತ್ತಿಗೂ ನೀರು ಕುಡಿಯುತ್ತಾರೆಯೇ? ಇಂಗ್ಲೆಂಡಿನ ಡೇವಿಡ್ ಬೇಫರ್ಡ್ ಎಂಬ ವೈದ್ಯ, ನುಂಗಲಾಗದೆ ನರಳಿ ಸತ್ತ ಮಹಿಳೆಯೊಬ್ಬರಲ್ಲಿ ಇದೇ ನಾಳವನ್ನು ಕಂಡು ಬರೆದ ವರದಿ 1794ರಲ್ಲಿ ಪ್ರಕಟವಾಯಿತು. ಅಂಥ ತೊಂದರೆ ಕೆಲವರಿಗಷ್ಟೇ. ಇದ್ದರೆ ಬೇರಿಯಂ ಎಂಬ ಬಿಳಿ ದ್ರಾವಣ ಕುಡಿಸಿ ಎಕ್ಸ್-ರೇ ತೆಗೆಯುತ್ತಾರೆ; ನುಂಗಲು ತೀರಾ ಕಷ್ಟವಾದರೆ, ಅಥವಾ ನಾಳದ ಬುಡ ಉಬ್ಬಿದ್ದರೆ, ಆಗ ಶಸ್ತ್ರಚಿಕಿತ್ಸೆಯ ಮಾತು. ಉಬ್ಬಿಲ್ಲ ಎಂದು ನಿಮ್ಮ ವರದಿಯೇ ಹೇಳುತ್ತಿದೆ.

ಆದರೂ ಆ ವರದಿಯನ್ನು ದಯವಿಟ್ಟು ಎಸೆಯಬೇಡಿ. ನನಗೆ ನಿಜವಾದ ಕಾಳಜಿ ಇರುವುದು ಇಲ್ಲಿ. ಮುಂದೆ ಎಂದಾದರೂ ಬಲ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಬೇಕಾದರೆ ತಂತಿ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಗೊತ್ತಿದ್ದ ವೈದ್ಯರು ಎಡಗೈಯನ್ನೋ ತೊಡೆಯನ್ನೋ ಆರಿಸುತ್ತಾರೆ. ಥೈರಾಯ್ಡ್ ಆಪರೇಷನ್ನಿನಲ್ಲಂತೂ ಇನ್ನೂ ಮುಖ್ಯ. ಇಂಥವರಲ್ಲಿ ಬಲಬದಿಯ ಧ್ವನಿಯ ನರ ಎದೆಯವರೆಗೆ ಇಳಿಯದೆ ಕತ್ತಿನಿಂದಲೇ ನೇರವಾಗಿ ಧ್ವನಿಪೆಟ್ಟಿಗೆಗೆ ಬರುತ್ತದೆ. ತಿಳಿಯದೆ ಕತ್ತರಿ ತಾಗಿದರೆ ದನಿ ಹೋಗಬಹುದು. ವರದಿಯ ಆ ಸಾಲಿನ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ನಮ್ಮ ಮಳೆಗಾಲದಲ್ಲಿ ಕಾಗದ ಬೂಷ್ಟು ಹಿಡಿಯದೆ ಉಳಿಯುವುದಿಲ್ಲ.